ಪಿಯಾನೊ ಬಿಟ್ಟು ಸಿಂಹಾಸನವೇರಿದ ಮಹಾರಾಜರು

ಗೊರೂರು, ಹಾಸನದ ಕಡೆಯ ಹಿರಿಯರಿಗೆ ಶ್ರೀ ಜಯಚಾಮರಾಜೇಂದ್ರ ಒಡೆಯರೆಂದರೆ ದಸರೆಯ ಅಂಬಾರಿಯ ನೆನಪು. ಮೈಸೂರು ಸಂಸ್ಥಾನದ ಆ ಕೊನೆಯ ಅರಸರು ನುರಿತ ಪಿಯಾನೊ ವಾದಕರೂ ಆಗಿದ್ದರು, ಅದನ್ನೇ ಬದುಕಾಗಿಸಿಕೊಳ್ಳಲು ಆಸೆಪಟ್ಟಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ಅರಮನೆಯಲ್ಲಿ ವೀಣೆಯೂ ಇತ್ತು, ಪಾಶ್ಚಾತ್ಯ ವಾದ್ಯಗಳೂ ಇದ್ದವು. ಅವರ ಸಹೋದರಿ ವಿಜಯಾದೇವಿಯವರು ಪಿಯಾನೊ ಕಲಿತದ್ದು ಗುಡ್ ಶೆಫರ್ಡ್ ಕಾನ್ವೆಂಟಿನ ಕನ್ಯಾಸ್ತ್ರೀಯೊಬ್ಬರಿಂದ ಎಂಬುದು ನಮಗೆ ಸಂತೋಷದ ಸಂಗತಿ. 1939ರಲ್ಲಿ ತಂದೆಯೊಡನೆ ಯೂರೋಪಿಗೆ ಹೋದ ಈ ಮಕ್ಕಳು ರಷ್ಯದ ಮಹಾನ್ ಪಿಯಾನೊ ವಾದಕ ರಾಖ್ಮನಿನಾಫರನ್ನು ಕಂಡರು. ಮರುವರ್ಷವೇ ತಂದೆ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಇಪ್ಪತ್ತೊಂದರ ತರುಣ ಸಿಂಹಾಸನವೇರಬೇಕಾಯಿತು. ವೇದಿಕೆಯ ಕನಸು ಅಲ್ಲಿಗೆ ಮುಗಿಯಿತು.

ಸಂಗೀತದ ಮೇಲಿನ ಪ್ರೀತಿ ಮಾತ್ರ ಮುಗಿಯಲಿಲ್ಲ. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರಿದ್ದರು. ಯುದ್ಧದಿಂದ ಜರ್ಮನಿಯ ಪ್ರಕಾಶಕರ ಹಣ ನಿಂತಿತ್ತು, 1942ರಲ್ಲಿ ಹೃದಯಾಘಾತವೂ ಆಗಿತ್ತು. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಿಡಬೇಕೆಂದು ಮಹಾರಾಜರು ಹಣ ಕೊಟ್ಟರು. ಬಡವರಿದ್ದ ನಾಡಿನ ಅರಸರು ಹೀಗೆ ಖರ್ಚು ಮಾಡಬಹುದೇ ಎಂದು ಕೇಳುವವರಿದ್ದಾರೆ, ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಹಣವಿಲ್ಲದಿದ್ದರೆ ಆ ವೃದ್ಧರ ವಾದನದ ಬಹುಭಾಗ ಅವರೊಡನೆಯೇ ಮಣ್ಣಾಗುತ್ತಿತ್ತು.

1947ರಲ್ಲಿ ಮೆಟ್ನರ್ ತಮ್ಮ ಮೂರು ಪಿಯಾನೊ ಕಾನ್ಸರ್ಟೊಗಳನ್ನೂ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ನುಡಿಸಿದರು. ಇದು ಸುಲಭದ ಕೆಲಸವಲ್ಲ. ದೇವಾಲಯದಲ್ಲಿ ಆರ್ಗನ್ ನುಡಿಸುವವರಿಗೆ ಗೊತ್ತು, ಕೀ ಒತ್ತಿಹಿಡಿದಷ್ಟು ಹೊತ್ತೂ ಅದರ ನಾದ ನಿಲ್ಲುತ್ತದೆ. ಪಿಯಾನೊದ ನಾದ ಹುಟ್ಟಿದ ಕ್ಷಣದಿಂದಲೇ ಕುಗ್ಗತೊಡಗುತ್ತದೆ. ಪಿಟೀಲು ಅದೇ ಸ್ವರವನ್ನು ಹಿಡಿದು ಬೆಳೆಸಬಲ್ಲದು. ಆದ್ದರಿಂದ ಪಿಯಾನೊದ ಮನಸ್ಸಿನಲ್ಲಿ ಹುಟ್ಟಿದ ಸಂಗೀತವನ್ನು ಪಿಟೀಲು, ಕೊಳಲು, ತುತ್ತೂರಿಗಳಿಗೆ ಹಂಚುವಾಗ ಒಬ್ಬನ ಹತ್ತು ಬೆರಳುಗಳ ಏರಿಳಿತವನ್ನು ಹತ್ತಾರು ಮಂದಿ ಒಂದೇ ಉಸಿರಿನಲ್ಲಿ ತರಬೇಕು. ಜೀವನವಿಡೀ ಪಿಯಾನೊಗಾಗಿಯೇ ಬರೆದ ಮೆಟ್ನರರಿಗೆ ಈ ಹಂಚಿಕೆ ಬಹಳ ಕಷ್ಟವೆನಿಸುತ್ತಿತ್ತು. ಅದಕ್ಕೇ ಅವರೇ ಪಿಯಾನೊದ ಮುಂದೆ ಕುಳಿತದ್ದು ಮುಖ್ಯವಾಯಿತು: ಯಾವ ಸ್ವರ ಮುಂದೆ ಬರಬೇಕು, ವೃಂದ ಎಲ್ಲಿ ತಗ್ಗಬೇಕು ಎಂಬುದಕ್ಕೆ ಬರೆದವರ ಕೈಯೇ ಸಾಕ್ಷಿಯಾಗಿ ಉಳಿಯಿತು. ಮೂರನೆಯ ಕಾನ್ಸರ್ಟೊವನ್ನು ಅವರು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೂ ಮಹಾರಾಜರೇ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದದ್ದೂ ಅವರ ನೆರವಿನಿಂದ. ಸ್ಟ್ರಾಸ್ ಅದನ್ನು ಕೇಳಲು ಉಳಿದಿರಲಿಲ್ಲ.

ಇತ್ತ ಮೈಸೂರಿನಲ್ಲಿ ಮಹಾರಾಜರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದತ್ತ ಹೊರಳಿ, 94 ಕೀರ್ತನೆಗಳನ್ನು ರಚಿಸಿದರು. ಮುಂದೆ ಮೈಸೂರು, ಮದರಾಸು ರಾಜ್ಯಗಳ ರಾಜ್ಯಪಾಲರಾಗಿ, 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಮೆಟ್ನರ್ 1951ರಲ್ಲೇ ತೀರಿಕೊಂಡಿದ್ದರು. ಅವರ ಆ ಮುದ್ರಣಗಳು ಇಂದೂ ಸಿಗುತ್ತವೆ.