12345654321 ‘ಅದೃಷ್ಟದ ಸಂಖ್ಯೆ’ಯೇ? ಮಹಾವೀರಾಚಾರ್ಯರ ಲೆಕ್ಕ ಏನು ಹೇಳುತ್ತದೆ?

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ವಾಟ್ಸ್ಆಪ್ ಗ್ರೂಪುಗಳಿಗೆ ಇದೇನೂ ಹೊಸದಲ್ಲ. ಹತ್ತು ಜನಕ್ಕೆ ಕಳಿಸಿದರೆ ಅದೃಷ್ಟ ಎನ್ನುವ ಸಾಲು ಸುಳ್ಳು. ಆದರೆ ಇಂಥ ಸಂಖ್ಯೆಗಳನ್ನು ಪ್ರೀತಿಯಿಂದ ಕಟ್ಟಿದವರೊಬ್ಬರು ಕರ್ನಾಟಕದಲ್ಲೇ ಇದ್ದರು.

ಅವರು ಮಹಾವೀರಾಚಾರ್ಯ. ತೀರ್ಥಂಕರ ಮಹಾವೀರರಲ್ಲ, ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನ ಜೈನ ಗಣಿತಜ್ಞ. 9ನೇ ಶತಮಾನದಲ್ಲಿ ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಸುಮಾರು 850ರಲ್ಲಿ ಇವರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಪುಸ್ತಕದ ಆರಂಭದಲ್ಲೇ ಅಮೋಘವರ್ಷನ ಹೊಗಳಿಕೆ ಇದೆ. ಗ್ರಹಗತಿಯ ಗೋಜಿಲ್ಲದೆ ಬರೀ ಗಣಿತಕ್ಕೇ ಮೀಸಲಾದ ಪುಸ್ತಕ ಅದು. ಬಡ್ಡಿ, ಚಿನ್ನದ ಬೆರಕೆ, ಅಗೆತದ ಲೆಕ್ಕ ಎಲ್ಲ ಅದರಲ್ಲಿವೆ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರೂ ಇದೆ.

ಅದರಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳಿವೆ. 27994681 ಅನ್ನು 441ರಿಂದ ಗುಣಿಸಿ: 12345654321. ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುತ್ತದೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ನೀವೇ ಒತ್ತಿ ನೋಡಿ.

ಇದರಲ್ಲಿ ಮಾಯೆ ಎಲ್ಲಿದೆ? 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 × 5291 = 111111. ಹಾಗಾಗಿ ನಮ್ಮ ಸಂಖ್ಯೆ 111111ರ ವರ್ಗ. ಶಾಲೆಯಲ್ಲಿ ಗುಣಿಸುವ ಹಾಗೆ ಆರು ಒಂದುಗಳ ಸಾಲನ್ನು ಒಂದೊಂದು ಮನೆ ಸರಿಸಿ ಆರು ಸಲ ಬರೆದು ಕೂಡಿಸಿ. ಕಂಬಸಾಲುಗಳಲ್ಲಿ 1, 2, 3 ಎಂದು 6ರವರೆಗೆ ಏರಿ ಇಳಿಯುತ್ತದೆ. ಯಾವ ಸಾಲಿನಲ್ಲೂ ಮೊತ್ತ ಹತ್ತಾಗುವುದಿಲ್ಲ, ಪಕ್ಕದ ಮನೆಗೆ ಅಂಕಿ ಹೋಗುವುದೂ ಇಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತು ಒಂದುಗಳ ವರ್ಗ ಮಾತ್ರ 1234567900987654321. ಅಲ್ಲಿಗೆ ಹಾರ ಹರಿಯಿತು!

ಇನ್ನೂ ಬಿಡಿಸಿದರೆ 111111 = 3 × 7 × 11 × 13 × 37. ಆದ್ದರಿಂದ 12345654321 ಬೆಸ, ಪೂರ್ಣವರ್ಗ, ಭಾಜ್ಯ ಸಂಖ್ಯೆ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಅದೃಷ್ಟಕ್ಕಿಂತ ಇದೇ ಚೆಂದ ಅನಿಸುತ್ತದೆ ನನಗೆ.

ಹಿಂದಿನವರು ಬರೆದದ್ದೆಲ್ಲ ಸರಿ ಎನ್ನುವ ಫಾರ್ವರ್ಡುಗಳೂ ಇವೆಯಲ್ಲ? ಋಣ ಸಂಖ್ಯೆಗೆ ವರ್ಗಮೂಲ ಇಲ್ಲವೆಂದು ಮಹಾವೀರಾಚಾರ್ಯರು ಸ್ಪಷ್ಟವಾಗಿ ಗುರುತಿಸಿದ್ದರು. ನಮಗೆ ಪರಿಚಯವಿರುವ ಸಾಮಾನ್ಯ ಸಂಖ್ಯೆಗಳಲ್ಲಿ ಅದು ಸರಿ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಬರೆದರು, ಅದು ತಪ್ಪು. 1150ರಲ್ಲಿ ‘ಲೀಲಾವತಿ’ ಬರೆದ ಭಾಸ್ಕರಾಚಾರ್ಯರು ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು ಬೇರೆ ಉತ್ತರ ಕೊಟ್ಟರು.

‘ಗಣಿತಸಾರಸಂಗ್ರಹ’ 11ನೇ ಶತಮಾನದಲ್ಲೇ ತೆಲುಗಿಗೆ ಹೋಗಿತ್ತು. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು.