ಮನೆಮಂದಿಗೆ ಹಾಡು ಕೊಟ್ಟ ಧರ್ಮಾಧ್ಯಕ್ಷ: ಸಂತ ಅಲ್ಫೋನ್ಸ್ ಲಿಗೋರಿ

ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ಸಿದ್ಧತೆಯೊಂದಿಗೆ ಹಾಡುಗಳ ಹುಡುಕಾಟವೂ ಆರಂಭವಾಗುತ್ತದೆ. ಹಿಂದೆ ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದುದನ್ನು ಈಗ ಮೊಬೈಲಿನಲ್ಲಿ ಕೇಳುತ್ತೇವೆ. ಆಯ್ಕೆಯ ಕಷ್ಟ ಮಾತ್ರ ಕಡಿಮೆಯಾಗಿಲ್ಲ. ದೇವಾಲಯದ ಗಾಯನವೃಂದ ಹಾಡಿದ್ದೆಲ್ಲವೂ ಮನೆಯಲ್ಲಿ ಹಾಡಲು ಒಗ್ಗುವುದಿಲ್ಲ. ಕಿವಿಗೆ ಇಂಪಾದುದೆಲ್ಲವೂ ಪ್ರಾರ್ಥನೆಯಾಗುವುದಿಲ್ಲ. ರಾತ್ರಿಯ ಜಪಸರ ಮುಗಿದ ಮೇಲೆ ಅಜ್ಜಿಗೂ ಮೊಮ್ಮಗುವಿಗೂ ಒಟ್ಟಿಗೆ ಬಾಯಿಗೆ ಬರುವ ಹಾಡು ಯಾವುದು? ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡು, ಅದಕ್ಕೆ ಹಾಡುಗಳ ಮೂಲಕವೇ ಉತ್ತರ ಕೊಟ್ಟ ಮಹನೀಯರೊಬ್ಬರು 18ನೆಯ ಶತಮಾನದಲ್ಲಿ ಇಟಲಿಯ ನೇಪಲ್ಸ್ ರಾಜ್ಯದಲ್ಲಿ ಬಾಳಿದರು. ಅವರೇ ಸಂತ ಅಲ್ಫೋನ್ಸ್ ಮರಿಯ ಲಿಗೋರಿ. ರಿಡೆಂಪ್ಟರಿಸ್ಟ್ ಸಭೆಯ ಸ್ಥಾಪಕರೆಂದೂ ನೀತಿಶಾಸ್ತ್ರದ ಮಹಾಪಂಡಿತರೆಂದೂ ಅವರನ್ನು ಬಲ್ಲವರು ಅನೇಕರು. ಅವರು ನುರಿತ ಸಂಗೀತಗಾರರೂ ಆಗಿದ್ದರೆಂಬುದು ನಮ್ಮಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿಲ್ಲ.

ಅಲ್ಫೋನ್ಸರು 1696ರ ಸೆಪ್ಟೆಂಬರ್ 27ರಂದು ನೇಪಲ್ಸ್ ನಗರದ ಸಮೀಪದ ಮರಿಯನೆಲ್ಲದಲ್ಲಿ, ಕುಲೀನ ಮನೆತನವೊಂದರ ಹಿರಿಯ ಮಗನಾಗಿ ಜನಿಸಿದರು. ತಂದೆ ಜುಸೆಪ್ಪೆ ನೌಕಾಪಡೆಯ ಅಧಿಕಾರಿ, ಶಿಸ್ತಿನ ಮನುಷ್ಯ. ತಾಯಿ ಅನ್ನಾ ದೈವಭಕ್ತೆ. ಆ ಕಾಲದ ನೇಪಲ್ಸ್ ಯೂರೋಪಿನ ಸಂಗೀತ ರಾಜಧಾನಿಗಳಲ್ಲಿ ಒಂದು. ಅನಾಥ ಮಕ್ಕಳಿಗೆಂದು ಸ್ಥಾಪಿತವಾಗಿದ್ದ ನಾಲ್ಕು ಆಶ್ರಮಗಳೇ ಅಲ್ಲಿ ಹೆಸರಾಂತ ಸಂಗೀತ ಶಾಲೆಗಳಾಗಿ ಬೆಳೆದಿದ್ದವು. ಮಗನೂ ಸಂಗೀತದಲ್ಲಿ ಹಿಂದೆ ಬೀಳಬಾರದೆಂದು ತಂದೆ ಹಠ ಹಿಡಿದರು. ಪಿಯಾನೋಗಿಂತ ಹಿಂದಿನ ಹಾರ್ಪ್ಸಿಕಾರ್ಡ್ ವಾದ್ಯವನ್ನು ಬಾಲಕ ದಿನಕ್ಕೆ ಮೂರು ತಾಸು ಅಭ್ಯಾಸ ಮಾಡಬೇಕಿತ್ತು. ತಾವು ಮನೆಯಲ್ಲಿ ಇರಲಾಗದ ದಿನಗಳಲ್ಲಿ ತಂದೆ ಶಿಷ್ಯನನ್ನೂ ಗುರುವನ್ನೂ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಮಕ್ಕಳಿಗೆ ಸಂಗೀತ ಕಲಿಸುವ ಈ ವಿಧಾನವನ್ನು ನಾವಂತೂ ಯಾರಿಗೂ ಶಿಫಾರಸು ಮಾಡಲಾರೆವು. ಆದರೆ ಬಾಲಕ ಹದಿಮೂರರ ಪ್ರಾಯಕ್ಕೆ ಒಳ್ಳೆಯ ವಾದಕನಾದನೆಂಬುದೂ ಅಷ್ಟೇ ನಿಜ.

ಹದಿನಾರು ತುಂಬಿದ ಕೆಲವೇ ತಿಂಗಳಲ್ಲಿ, 1713ರಲ್ಲಿ, ಅಲ್ಫೋನ್ಸರು ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. ವಕೀಲಿ ವೃತ್ತಿಯಲ್ಲಿ ಬಹುಬೇಗ ಹೆಸರು ಮಾಡಿದರು. ಸಂಜೆಯ ವೇಳೆ ತಂದೆಯೊಡನೆ ನಾಟಕಶಾಲೆಗೆ ಹೋಗಿ ಸಂಗೀತ ನಾಟಕಗಳನ್ನು ಕೇಳುವುದು ಅವರಿಗೆ ಪ್ರಿಯವಾಗಿತ್ತು. ದೃಷ್ಟಿ ಮಂದವಾಗಿದ್ದ ಅವರು ತೆರೆ ಮೇಲೇಳುತ್ತಲೇ ಕನ್ನಡಕ ತೆಗೆದಿಟ್ಟು, ರಂಗದ ಮೇಲಿನ ವೈಯಾರವನ್ನು ನೋಡದೆ, ಸಂಗೀತವನ್ನು ಮಾತ್ರ ಸವಿಯುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ.

1723ರಲ್ಲಿ ಭಾರಿ ಮೊತ್ತದ ಆಸ್ತಿ ವ್ಯಾಜ್ಯವೊಂದರಲ್ಲಿ ಅವರು ಸೋತರು. ಆ ಸೋಲಿನೊಂದಿಗೆ ನ್ಯಾಯಾಲಯದ ಮೇಲಿನ ವಿಶ್ವಾಸವೂ ಹೋಯಿತು. ಮನೆಯಲ್ಲಿ ಕದ ಹಾಕಿಕೊಂಡು ಕೆಲವು ದಿನ ಊಟವನ್ನೂ ಬಿಟ್ಟರು. ಅದೇ ವರ್ಷ, ಗುಣವಾಗದ ರೋಗಿಗಳ ಆಸ್ಪತ್ರೆಯಲ್ಲಿ ಸೇವೆ ಮಾಡುತ್ತಿದ್ದಾಗ ದೇವರ ಕರೆ ಸ್ಪಷ್ಟವಾಯಿತು. ಮಾತೆ ಮರಿಯಮ್ಮನವರ ಪೀಠದ ಮುಂದೆ ತಮ್ಮ ಕತ್ತಿಯನ್ನು ಇಟ್ಟುಬಂದರು. ತಂದೆಯ ತೀವ್ರ ವಿರೋಧದ ನಡುವೆಯೂ 1726ರ ಡಿಸೆಂಬರ್ 21ರಂದು ಗುರುದೀಕ್ಷೆ ಪಡೆದರು.

ಅವರ ಮೊದಲ ಕಾರ್ಯಕ್ಷೇತ್ರ ನೇಪಲ್ಸ್ ನಗರದ ಬಡವರ ಕೇರಿಗಳು. ಹಮಾಲರು, ಕ್ಷೌರಿಕರು, ಬೀದಿ ವ್ಯಾಪಾರಿಗಳು, ಸೇನೆ ಬಿಟ್ಟುಬಂದವರು ದಿನದ ದುಡಿಮೆ ಮುಗಿಸಿ ಕವಲುದಾರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಮನೆಗಳಲ್ಲಿಯೂ ಸೇರುತ್ತಿದ್ದರು. ಪ್ರಾರ್ಥನೆ, ಸರಳ ಬೋಧನೆ, ಹಾಡು ಇವಿಷ್ಟೇ ಅಲ್ಲಿನ ಕಾರ್ಯಕ್ರಮ. ಕತ್ತಲಲ್ಲಿ ಸೇರುವ ಈ ಗುಂಪುಗಳ ಮೇಲೆ ಸರ್ಕಾರಕ್ಕೆ ಸಂಶಯ ಬಂದು ಕೆಲವರ ಬಂಧನವೂ ಆಯಿತು. ಬಳಿಕ ನಗರದ ಮಹಾಧರ್ಮಾಧ್ಯಕ್ಷರು ಅವರಿಗೆ ಪ್ರಾರ್ಥನಾ ಮಂದಿರಗಳಲ್ಲಿ ಸೇರಲು ಅವಕಾಶ ಮಾಡಿಕೊಟ್ಟರು. ಸಂಜೆಯ ಪ್ರಾರ್ಥನಾಲಯಗಳೆಂದು ಹೆಸರಾದ ಈ ಕೂಟಗಳನ್ನು ನಡೆಸಿದವರು ಬಹುಮಟ್ಟಿಗೆ ಸಾಮಾನ್ಯ ವಿಶ್ವಾಸಿಗಳೇ. ಅಲ್ಫೋನ್ಸರ ಮರಣದ ವೇಳೆಗೆ ಇಂತಹ ಕೂಟಗಳು 72ಕ್ಕೆ ಏರಿದ್ದವೆಂದೂ 10,000ಕ್ಕೂ ಹೆಚ್ಚು ಜನ ಅವುಗಳಲ್ಲಿ ಭಾಗವಹಿಸುತ್ತಿದ್ದರೆಂದೂ ಅವರ ಚರಿತ್ರೆ ತಿಳಿಸುತ್ತದೆ.

ಇಲ್ಲಿಯೇ ಅವರ ಸಂಗೀತ ಹೊಸ ದಾರಿ ಹಿಡಿಯಿತು. ಜನರ ಬಾಯಲ್ಲಿ ಹಾಡು ಇದ್ದೇ ಇರುತ್ತದೆಂಬುದನ್ನು ಅವರು ಕಂಡರು. ಮಗುವನ್ನು ತೂಗುವಾಗ, ಬಟ್ಟೆ ಒಗೆಯುವಾಗ, ಹೊಲದಲ್ಲಿ ಬಗ್ಗಿ ದುಡಿಯುವಾಗ ಜನ ಹಾಡುತ್ತಾರೆ. ಹಾಡಬೇಡಿರೆಂದರೆ ಯಾರೂ ಕೇಳುವುದಿಲ್ಲ. ಕೀಳು ಅಭಿರುಚಿಯ ಹಾಡನ್ನು ಬೈದು ಪ್ರಯೋಜನವಿಲ್ಲ, ಅದರ ಸ್ಥಾನದಲ್ಲಿ ಒಳ್ಳೆಯದನ್ನು ಇಡಬೇಕು. 1732ರ ನವೆಂಬರ್ 9ರಂದು ಸ್ಕಾಲ ಎಂಬ ಬೆಟ್ಟದೂರಿನಲ್ಲಿ ಅವರು ಸ್ಥಾಪಿಸಿದ ಸಭೆಯ ಗುರುಗಳು ಹಳ್ಳಿಗಳಿಗೆ ಬೋಧನೆಗೆ ಹೊರಟಾಗ ಈ ಹಾಡುಗಳೂ ಜೊತೆಗೆ ಹೊರಟವು. ಬೋಧನೆಯ ದಿನಗಳಲ್ಲಿ ಕಲಿತ ಹಾಡು ಗುರುಗಳು ಊರು ಬಿಟ್ಟ ಮೇಲೂ ಮನೆಗಳಲ್ಲಿ ಉಳಿಯುತ್ತಿತ್ತು. ಚಿಕ್ಕ ಸಾಲುಗಳು, ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲುವ ರಾಗ, ಓದುಬರಹ ಬಾರದವನಿಗೂ ತಿಳಿಯುವ ಮಾತು: ಅವರ ಭಕ್ತಿಗೀತೆಗಳ ಲಕ್ಷಣವೇ ಇದು.

ಹಾಗೆಂದು ಅವರಿಗೆ ಬಂದದ್ದು ಸರಳ ಸಂಗೀತ ಮಾತ್ರವೆಂದು ಯಾರೂ ತಿಳಿಯಬಾರದು. ಆತ್ಮ ಮತ್ತು ಯೇಸುಕ್ರಿಸ್ತರ ನಡುವಿನ ಸಂಭಾಷಣೆಯ ರೂಪದಲ್ಲಿ, ಎರಡು ಕಂಠಗಳಿಗೆ ಪಿಟೀಲುಗಳ ಸಹವಾದನವಿಟ್ಟು ಅವರು ರಚಿಸಿದ ಪಾಡುಗಳ ಗೀತೆ 1760ರಲ್ಲಿ ನೇಪಲ್ಸ್ ನಗರದ ದೇವಾಲಯವೊಂದರಲ್ಲಿ ಹಾಡಲ್ಪಟ್ಟಿತು. ಅದರ ಹಸ್ತಪ್ರತಿ ಲಂಡನ್ನಿನ ಗ್ರಂಥಾಲಯದಲ್ಲಿ ಉಳಿದುಬಂದಿದೆ. ನಾಟಕಶಾಲೆಯಲ್ಲಿ ಕೇಳಿದ ವಿದ್ಯೆಯೆಲ್ಲವೂ ಅದರಲ್ಲಿದೆ. ಇಂತಹದನ್ನು ಬರೆಯಬಲ್ಲವರು ತಮ್ಮ ಶಕ್ತಿಯ ಬಹುಪಾಲನ್ನು ಕುರಿಕಾಯುವವರ ಹಾಡಿಗೆ ವ್ಯಯಿಸಿದರು. ಅವರ ದೊಡ್ಡಸ್ತಿಕೆಯನ್ನು ನಾವು ಕಾಣುವುದು ಅಲ್ಲಿಯೇ. ಗಾಯಕರ ಬೆಡಗನ್ನು ಮೆರೆಸುವ ಹಾಡುಗಾರಿಕೆಯ ಬಗ್ಗೆ ಅವರಿಗೆ ಅಂಜಿಕೆಯೂ ಇತ್ತು. ಅದು ಡಂಭಕ್ಕೆ ದಾರಿಯಾದೀತೆಂದು ಕನ್ಯಾಸ್ತ್ರೀಯರಿಗಾಗಿ ಬರೆದ ಗ್ರಂಥದಲ್ಲಿ ಎಚ್ಚರಿಸಿದ್ದಾರೆ. ಈ ಮಾತಿನಲ್ಲಿ ಅವರು ಸ್ವಲ್ಪ ಬಿಗಿಯಾದರೆಂದು ನಮಗೆ ತೋರುತ್ತದೆ. ಆದರೂ ಮನೆಯ ಪ್ರಾರ್ಥನೆಯಲ್ಲಿ ಒಬ್ಬರೇ ಮೆರೆದು ಉಳಿದವರು ಮೌನವಾಗುವುದನ್ನು ಕಂಡವರಿಗೆ ಆ ಎಚ್ಚರಿಕೆಯ ಅರ್ಥವಾದೀತು.

ಅವರ ಹಾಡುಗಳಲ್ಲಿ ಜಗತ್ತಿಗೆಲ್ಲ ಪರಿಚಿತವಾದುದು ತಾರೆಗಳಿಂದ ಇಳಿದುಬರುವ ಬಾಲಯೇಸುವನ್ನು ಕುರಿತ ಕ್ರಿಸ್ತಜಯಂತಿಯ ಹಾಡು. ಇಟಲಿಯಲ್ಲಿ 'ತು ಶೆಂದಿ ದಾಲ್ಲೆ ಸ್ತೆಲ್ಲೆ' ಎಂದರೆ ಅರಿಯದ ಮಗುವಿಲ್ಲ. 1754ರ ಡಿಸೆಂಬರ್‌ನಲ್ಲಿ ನೋಲ ಎಂಬಲ್ಲಿ ಬೋಧನೆಗೆ ಬಂದಿದ್ದಾಗ ಅವರು ಇದನ್ನು ರಚಿಸಿದರೆಂಬುದು ಸಂಪ್ರದಾಯ. ಪ್ರತಿವರ್ಷ ಆಗಮನ ಕಾಲದಲ್ಲಿ ಕುರುಬರು ಬೆಟ್ಟಗಳಿಂದಿಳಿದು ನೇಪಲ್ಸ್ ಬೀದಿಗಳಿಗೆ ಬಂದು, ಮಾತೆಯ ಚಿತ್ರಗಳ ಮುಂದೆ ಚರ್ಮದ ಚೀಲದ ಊದುವಾದ್ಯವನ್ನು ನುಡಿಸುತ್ತಿದ್ದರು. ಆ ವಾದ್ಯದ ತೂಗುವ ಲಯವೇ ಈ ಹಾಡಿಗೆ ಇದೆ. ಆತಿಥ್ಯ ನೀಡಿದ್ದ ಗುರುವೊಬ್ಬರು ಪ್ರತಿ ಮಾಡಿಕೊಳ್ಳಲು ಕೇಳಿದಾಗ, ಅಚ್ಚಾಗುವ ತನಕ ಕೊಡಲಾರೆನೆಂದು ಅಲ್ಫೋನ್ಸರು ನಿರಾಕರಿಸಿದರಂತೆ. ಆ ಗುರು ಗುಟ್ಟಾಗಿ ನಕಲು ಮಾಡಿ ಜೇಬಿನಲ್ಲಿಟ್ಟುಕೊಂಡರು. ಆ ಸಂಜೆ ದೇವಾಲಯದಲ್ಲಿ ಹಾಡುತ್ತಿದ್ದ ಅಲ್ಫೋನ್ಸರು ನಡುವೆ ಮರೆತವರಂತೆ ನಿಂತು, ಆ ಗುರುವಿನ ಜೇಬಿನಲ್ಲಿರುವ ಹಾಳೆಯನ್ನು ಕೇಳಿ ತರುವಂತೆ ಬಾಲಕನೊಬ್ಬನನ್ನು ಕಳುಹಿಸಿದರಂತೆ! ಸಂತರಿಗೆ ಹಾಸ್ಯವೂ ತಿಳಿದಿತ್ತು.

ಇನ್ನೊಂದು ಕ್ರಿಸ್ತಜಯಂತಿ ಗೀತೆಯೂ ಅವರದೆಂದು ಹೇಳಲಾಗುತ್ತದೆ. ಅದು ಶಿಷ್ಟ ಇಟಾಲಿಯನ್ ಭಾಷೆಯಲ್ಲಿಲ್ಲ, ನೇಪಲ್ಸ್ ಜನರ ಆಡುನುಡಿಯಲ್ಲಿದೆ. ದೇವಾಲಯದೊಳಗೆ ಲತೀನ್ ಭಾಷೆಯೇ ಮೊಳಗುತ್ತಿದ್ದ ಕಾಲದಲ್ಲಿ, ಕುಲೀನ ಮನೆಯ ವಿದ್ವಾಂಸರೊಬ್ಬರು ಅಡುಗೆಮನೆಯ ನುಡಿಯಲ್ಲಿ ದೇವರ ಮಗನ ಜನನವನ್ನು ಹಾಡಿದ್ದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಕೊಂಕಣಿ, ತುಳು, ತಮಿಳು ಆಡಿ ದೇವಾಲಯದಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಮ್ಮ ಅನೇಕ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

1762ರಲ್ಲಿ ಇಷ್ಟವಿಲ್ಲದಿದ್ದರೂ ಸಂತ ಅಗತ ಪಟ್ಟಣದ ಧರ್ಮಾಧ್ಯಕ್ಷರಾದರು. ಎರಡು ವರ್ಷಗಳಲ್ಲಿಯೇ ಭೀಕರ ಕ್ಷಾಮ ಬಂದಾಗ ತಮ್ಮ ಗಾಡಿ, ಹೇಸರಗತ್ತೆಗಳನ್ನು ಮಾರಿ ಹಸಿದವರಿಗೆ ಅನ್ನವಿತ್ತರು. 1768ರಲ್ಲಿ ಸಂಧಿವಾತ ಅವರ ಕೊರಳನ್ನು ಎದೆಗೆ ಬಗ್ಗಿಸಿತು. 1775ರಲ್ಲಿ ಪದವಿಯಿಂದ ಬಿಡುಗಡೆ ಹೊಂದಿ ಪಗಾನಿಯ ಮಠಕ್ಕೆ ಮರಳಿದರು. ಅಲ್ಲಿ ಇನ್ನೂ ದೊಡ್ಡ ನೋವು ಕಾದಿತ್ತು. 1780ರಲ್ಲಿ, ಕಣ್ಣು ಕಿವಿ ಮಂದವಾಗಿದ್ದ ವೃದ್ಧರಿಂದ, ಸಭೆಯ ನಿಯಮಾವಳಿಯನ್ನು ತಿರುಚಿದ್ದ ಪತ್ರವೊಂದಕ್ಕೆ ಸಹಿ ಪಡೆಯಲಾಯಿತು. ಪರಿಣಾಮವಾಗಿ ತಾವೇ ಕಟ್ಟಿದ ಸಭೆಯಿಂದ ಅವರು ಹೊರಗುಳಿದರು. ಹಾರ್ಪ್ಸಿಕಾರ್ಡಿನ ಮುಂದೆ ಕಳೆದ ಬಾಲ್ಯದ ಗಂಟೆಗಳೂ ವ್ಯರ್ಥವಾದವೆಂದು ಮುಪ್ಪಿನಲ್ಲಿ ಅವರು ಪರಿತಪಿಸಿದ್ದುಂಟು. ತಮ್ಮ ಲೆಕ್ಕದಲ್ಲಿ ಅವರು ತಪ್ಪಿದ್ದು ಇದೊಂದೇ ಇರಬೇಕು.

1787ರ ಆಗಸ್ಟ್ 1ರಂದು, ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆಯ ಗಂಟೆ ಮೊಳಗುತ್ತಿದ್ದಂತೆ, ಅವರು ಕಣ್ಣುಮುಚ್ಚಿದರು. ಒಡೆದಿದ್ದ ಸಭೆ 1793ರಲ್ಲಿ ಒಂದಾಯಿತು. 1839ರಲ್ಲಿ ಅವರಿಗೆ ಸಂತ ಪದವಿ ಪ್ರಾಪ್ತವಾಯಿತು, 1871ರಲ್ಲಿ ಧರ್ಮಸಭೆಯ ಪಂಡಿತರೆಂಬ ಗೌರವವೂ ಸಂದಿತು. 1866ರಲ್ಲಿ ನಿತ್ಯಾಧಾರ ಮಾತೆಯ ಚಿತ್ರವನ್ನು ಜಗದ್ಗುರು ಒಂಬತ್ತನೆಯ ಪಿಯುಸ್ ಒಪ್ಪಿಸಿದ್ದು ಇದೇ ಸಭೆಯ ಗುರುಗಳಿಗೆ. ಬೆಂಗಳೂರಿನ ಪವಿತ್ರಾತ್ಮರ ದೇವಾಲಯವೂ ಅವರ ಆಶ್ರಯದಲ್ಲಿಯೇ ಬೆಳೆದುದು.

ನೇಪಲ್ಸ್ ಕಡೆಯ ಮನೆಗಳಲ್ಲಿ ಕ್ರಿಸ್ತಜಯಂತಿಯ ಹಿಂದಿನ ರಾತ್ರಿಯ ತನಕ ಗೋದಲಿಯನ್ನು ಬರಿದಾಗಿಯೇ ಇಡುವ ವಾಡಿಕೆಯಿದೆ. ನಡುರಾತ್ರಿಯಾಗುತ್ತಲೇ ಮನೆಯ ಅತಿ ಕಿರಿಯ ಮಗು ಬಾಲಯೇಸುವಿನ ಪುಟ್ಟ ಬೊಂಬೆಯನ್ನು ಎರಡೂ ಕೈಗಳಲ್ಲಿ ಹಿಡಿದು ಮುಂದೆ ನಡೆಯುತ್ತದೆ. ಮನೆಮಂದಿ ಮೇಣದಬತ್ತಿ ಹಿಡಿದು, ಅಲ್ಫೋನ್ಸರ ಹಾಡನ್ನು ಹಾಡುತ್ತ, ಕೋಣೆಯಿಂದ ಕೋಣೆಗೆ ಹಿಂಬಾಲಿಸಿ, ಕೊನೆಗೆ ಬೊಂಬೆಯನ್ನು ಹುಲ್ಲಿನ ಮೇಲೆ ಮಲಗಿಸುತ್ತಾರೆ.