ರೋಬೆಸ್‌ಪಿಯರ್: ಯುದ್ಧ, ಪ್ರಭುತ್ವ ಮತ್ತು ಭಯದ ಆಳ್ವಿಕೆ

ಭಯೋತ್ಪಾದನೆ ಎಂಬ ಪದವು ಇಂದು ಬಹುಮಟ್ಟಿಗೆ ಪ್ರಭುತ್ವದ ವಿರುದ್ಧ ನಡೆಯುವ ಹಿಂಸೆಯನ್ನು ಸೂಚಿಸುತ್ತದೆ. ಆದರೆ ಇದಕ್ಕೆ ಸಂವಾದಿಯಾದ ಯುರೋಪಿನ ಪದವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದಾಗ ಅದು ಹೆಸರಿಸಿದ್ದು ಪ್ರಭುತ್ವವೇ ನಡೆಸಿದ ಹಿಂಸೆಯನ್ನು. ಆ ಪದದೊಡನೆ ಬೆಸೆದುಕೊಂಡಿರುವ ಹೆಸರು ಮ್ಯಾಕ್ಸಿಮಿಲಿಯನ್ ರೋಬೆಸ್‌ಪಿಯರ್‌ನದು. ಯುದ್ಧವನ್ನೂ ಮರಣದಂಡನೆಯನ್ನೂ ವಿರೋಧಿಸಿದ್ದವನು ಭಯದ ಆಳ್ವಿಕೆಯ ಪ್ರತೀಕವಾದುದಕ್ಕೆ ಕಾರಣವನ್ನು ಅವನ ಸ್ವಭಾವದಲ್ಲಿ ಮಾತ್ರ ಅರಸಿದರೆ ಸಾಲದು. ಅವನು ಪಾಲ್ಗೊಂಡ ಆಡಳಿತದ ಸ್ವರೂಪದಲ್ಲಿಯೂ ಅರಸಬೇಕಾಗುತ್ತದೆ.

1758ರಲ್ಲಿ ಉತ್ತರ ಫ್ರಾನ್ಸಿನ ಅರಾಸ್ ಪಟ್ಟಣದ ವಕೀಲ ಮನೆತನದಲ್ಲಿ ಜನಿಸಿದ ರೋಬೆಸ್‌ಪಿಯರ್ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ. ತಂದೆ ಮಕ್ಕಳನ್ನು ತೊರೆದುಹೋದ. ವಿದ್ಯಾರ್ಥಿವೇತನದ ನೆರವಿನಿಂದ ಪ್ಯಾರಿಸ್ಸಿನಲ್ಲಿ ಓದಿ, ಊರಿಗೆ ಮರಳಿ ವಕೀಲನಾದ. 1789ರಲ್ಲಿ ಮೂರನೆಯ ವರ್ಗದ ಪ್ರತಿನಿಧಿಯಾಗಿ ಆಯ್ಕೆಯಾದ ಮೇಲೆ, ಆಸ್ತಿಯಿಲ್ಲದವರಿಗೂ ಮತದಾನದ ಹಕ್ಕು ದೊರೆಯಬೇಕೆಂದು ವಾದಿಸಿದ. 1791ರ ಮೇ ತಿಂಗಳಿನಲ್ಲಿ ಮರಣದಂಡನೆಯ ರದ್ದತಿಗೆ ಒತ್ತಾಯಿಸಿದ. ಸಂವಿಧಾನ ರಚನಾ ಸಭೆಯ ಸದಸ್ಯರು ಮುಂದಿನ ಶಾಸನಸಭೆಗೆ ಆಯ್ಕೆಯಾಗಬಾರದೆಂಬ ನಿಯಮವನ್ನು ಸೂಚಿಸಿದವನೂ ಅವನೇ.

ಆಸ್ಟ್ರಿಯದ ಮೇಲೆ ಯುದ್ಧ ಸಾರಬೇಕೆಂದು ಬ್ರಿಸೋ ಮತ್ತು ಅವನ ಸಂಗಡಿಗರು ಪಟ್ಟುಹಿಡಿದಾಗ ರೋಬೆಸ್‌ಪಿಯರ್ ಜಾಕೊಬಿನ್ ಸಂಘದಲ್ಲಿ ಅದನ್ನು ವಿರೋಧಿಸಿದ. ಯುದ್ಧವು ಅರಮನೆಯ ಮತ್ತು ಸೇನಾಪತಿಗಳ ಬಲವನ್ನು ಹೆಚ್ಚಿಸುತ್ತದೆ, ಆಯುಧ ಹಿಡಿದು ಬಂದ ಸ್ವಾತಂತ್ರ್ಯವನ್ನು ಯಾವ ಜನರೂ ಸ್ವಾಗತಿಸುವುದಿಲ್ಲ ಎಂಬುದು ಅವನ ನಿಲುವಾಗಿತ್ತು. 1792ರ ಏಪ್ರಿಲ್ 20ರಂದು ಯುದ್ಧ ಘೋಷಣೆಯಾಯಿತು. ಆಗಸ್ಟಿನಲ್ಲಿ ರಾಜಪ್ರಭುತ್ವ ಉರುಳಿತು. ಹದಿನಾರನೆಯ ಲೂಯಿಯ ವಿಷಯದಲ್ಲಿ ಮಾತ್ರ ಮರಣದಂಡನೆ ಅನಿವಾರ್ಯವೆಂದು ರೋಬೆಸ್‌ಪಿಯರ್ ವಾದಿಸಿದ. ಒಬ್ಬನಿಗಾಗಿ ಕೋರಿದ ಈ ಅಪವಾದವೇ ಮುಂದೆ ನಿಯಮವಾಗಿ ಬೆಳೆಯಿತು.

1793ರಲ್ಲಿ ಗಡಿಯಲ್ಲಿ ವಿದೇಶೀ ಸೈನ್ಯಗಳು, ಒಳಗೆ ವೆಂಡೀ ಪ್ರಾಂತದ ದಂಗೆ. ಜುಲೈ 27ರಂದು ರೋಬೆಸ್‌ಪಿಯರ್ ಸಾರ್ವಜನಿಕ ಸುರಕ್ಷಾ ಸಮಿತಿಯನ್ನು ಸೇರಿದ. ಅವನು ಆ ಸಮಿತಿಯ ಅಧ್ಯಕ್ಷನಾಗಿರಲಿಲ್ಲ. ಹನ್ನೆರಡು ಸದಸ್ಯರಲ್ಲಿ ಒಬ್ಬನಾಗಿದ್ದ. ಸಮಿತಿಯ ಅಧಿಕಾರವನ್ನು ಚುನಾಯಿತ ಕನ್ವೆನ್ಷನ್ ಪ್ರತಿ ತಿಂಗಳೂ ನವೀಕರಿಸುತ್ತಿತ್ತು. ಸೆಪ್ಟೆಂಬರಿನಲ್ಲಿ ಶಂಕಿತರ ಕಾಯಿದೆ ಜಾರಿಯಾಯಿತು. ಅಕ್ಟೋಬರ್ 10ರಂದು ಕೈಗೊಂಡ ನಿರ್ಣಯ ಹೆಚ್ಚು ಗಮನಾರ್ಹವಾದುದು: ಶಾಂತಿ ನೆಲೆಸುವವರೆಗೆ ಆಡಳಿತವು ಕ್ರಾಂತಿಕಾರಿಯಾಗಿರುವುದೆಂದು ಸಾರಿ, ಅದೇ ವರ್ಷ ಜನಮತದಿಂದ ಅಂಗೀಕೃತವಾಗಿದ್ದ ಸಂವಿಧಾನವನ್ನು ತಡೆಹಿಡಿಯಲಾಯಿತು. ಹೀಗೆ ಆಡಳಿತದ ಆಯುಷ್ಯವು ಯುದ್ಧದ ಆಯುಷ್ಯದೊಡನೆ ತಳಕು ಹಾಕಿಕೊಂಡಿತು. ಯುದ್ಧದ ಬಗ್ಗೆ ಎಚ್ಚರಿಸಿದ್ದವನೇ ಈಗ ಯುದ್ಧದಿಂದ ಬದುಕುವ ಅಧಿಕಾರದ ವಕ್ತಾರನಾದ. 1794ರ ಫೆಬ್ರವರಿಯ ಭಾಷಣದಲ್ಲಿ ಅವನು ಸದ್ಗುಣವನ್ನೂ ಭಯವನ್ನೂ ಪರಸ್ಪರ ಪೂರಕವೆಂದು ಪ್ರತಿಪಾದಿಸಿದ.

ಯುದ್ಧದ ಅಪಾಯವೊಂದೇ ಹಿಂಸೆಗೆ ಕಾರಣವಾಗಿದ್ದರೆ ಅಪಾಯ ತಗ್ಗಿದಂತೆ ಹಿಂಸೆಯೂ ತಗ್ಗಬೇಕಿತ್ತು. ಪ್ಯಾರಿಸ್ಸಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದುದು. 1794ರ ಏಪ್ರಿಲಿನಲ್ಲಿ ಒಂದು ಕಾಲದ ಸಹವರ್ತಿ ಡಾಂಟನ್ ಗಿಲೊಟಿನ್‌ಗೆ ಬಲಿಯಾದ. ಜೂನ್ 10ರ ಕಾಯಿದೆಯು ಆಪಾದಿತರಿಗೆ ವಕೀಲರನ್ನು ನಿರಾಕರಿಸಿ, ಬಿಡುಗಡೆ ಇಲ್ಲವೆ ಮರಣ ಎಂಬ ಎರಡೇ ತೀರ್ಪುಗಳನ್ನು ಉಳಿಸಿತು. ಜೂನ್ 26ರಂದು ಫ್ಲೂರಸ್‌ನಲ್ಲಿ ಫ್ರೆಂಚ್ ಸೇನೆ ನಿರ್ಣಾಯಕ ಜಯ ಗಳಿಸಿದ ಮೇಲೂ ಪ್ಯಾರಿಸ್ಸಿನಲ್ಲಿ ಶಿರಚ್ಛೇದಗಳು ನಿಲ್ಲಲಿಲ್ಲ. ಒಟ್ಟಾರೆ ಫ್ರಾನ್ಸಿನಲ್ಲಿ ನ್ಯಾಯಮಂಡಲಿಗಳ ತೀರ್ಪಿನಂತೆ ಸತ್ತವರು ಸುಮಾರು 17,000 ಮಂದಿ. ಜುಲೈ 26ರಂದು ರೋಬೆಸ್‌ಪಿಯರ್ ಹೆಸರುಗಳನ್ನು ಹೇಳದೆ ದ್ರೋಹಿಗಳ ಪ್ರಸ್ತಾಪವೆತ್ತಿದಾಗ ಪ್ರತಿಯೊಬ್ಬ ಸದಸ್ಯನೂ ತನ್ನ ಕುತ್ತಿಗೆಗಾಗಿ ಅಂಜಿದ. ಮರುದಿನ ಅವನ ಬಂಧನವಾಯಿತು. ಜುಲೈ 28ರಂದು, 36ನೆಯ ವಯಸ್ಸಿನಲ್ಲಿ, ವಿಚಾರಣೆಯಿಲ್ಲದೆಯೇ ಅವನ ಶಿರಚ್ಛೇದವಾಯಿತು.

ಅವನನ್ನು ಉರುಳಿಸಿದವರಲ್ಲಿ ಬೋರ್ಡೋದಲ್ಲಿ ದಮನ ನಡೆಸಿದ್ದ ಟಾಲಿಯನ್, ಲಿಯೋನಿನಲ್ಲಿ ನಡೆಸಿದ್ದ ಫೂಶೆ ಇದ್ದರು. ಕಾಯಿದೆಗಳಿಗೆ ಕೈಯೆತ್ತಿದ್ದ ಕನ್ವೆನ್ಷನ್ ಹೊಣೆಯನ್ನು ಬಹುಪಾಲು ಸತ್ತವನ ತಲೆಗೆ ಕಟ್ಟಿತು. ಇದರಿಂದ ರೋಬೆಸ್‌ಪಿಯರ್ ನಿರ್ದೋಷಿಯಾಗುವುದಿಲ್ಲ. ಅಧಿಕಾರಕ್ಕೆ ತಾನೇ ಹಿಂದೆ ಬಯಸಿದ್ದ ಮಿತಿಗಳನ್ನು ಕಿತ್ತೊಗೆಯಲು ನೆರವಾದವನು ಅವನು. ಆದರೆ ಒಬ್ಬ ನಾಯಕನನ್ನು ದಾನವನನ್ನಾಗಿಸಿದ ಚರಿತ್ರೆಯು, ಸಂವಿಧಾನವನ್ನು ತಡೆಹಿಡಿದು ಯುದ್ಧವನ್ನು ತನ್ನ ಸಮರ್ಥನೆಯಾಗಿಸಿಕೊಂಡ ಚುನಾಯಿತ ಪ್ರಭುತ್ವವೊಂದು ಭಯವನ್ನು ಹೇಗೆ ಆಡಳಿತದ ವಿಧಾನವಾಗಿಸಿತೆಂಬುದನ್ನು ಮರೆಮಾಚುತ್ತದೆ.